ನಾಲೆಯ ನೀರು ಮತ್ತು ಸ್ತ್ರೀಸ್ವಭಾವ: ಮಂಡ್ಯ ಸೀಮೆಯ ಒಂದು ಸಾಕ್ಷ್ಯ

ಸ್ತ್ರೀಪುರುಷರ ಆಲೋಚನೆಯಲ್ಲಿಯೂ ಸಾಮಾಜಿಕ ವರ್ತನೆಯಲ್ಲಿಯೂ ಕಾಣುವ ಭೇದಗಳು ಹುಟ್ಟಿನಿಂದ ಬಂದವೋ, ಬಾಳಿನ ಕಟ್ಟುಪಾಡುಗಳಿಂದ ಒದಗಿದವೋ ಎಂಬ ಪ್ರಶ್ನೆ ಮನೋವಿಜ್ಞಾನಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗವು 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ಆದರೆ ಈ ಪ್ರಶ್ನೆಗೆ ಬೆಳಕು ನೀಡುವ ಸಾಕ್ಷ್ಯವೊಂದು ಪ್ರಯೋಗಶಾಲೆಯ ಹೊರಗೆ, ಮಂಡ್ಯದ ಗದ್ದೆಬಯಲಿನಲ್ಲಿ ದೊರೆತಿದೆ. ಅದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರಾಯಿತು. 1930ರ ದಶಕದಿಂದೀಚೆಗೆ ಅದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರಾಗಿಯ ಹೊಲಗಳನ್ನು ಬತ್ತ ಕಬ್ಬುಗಳ ಗದ್ದೆಗಳನ್ನಾಗಿ ಮಾರ್ಪಡಿಸಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಒಕ್ಕಲು ಮನೆಗಳಲ್ಲಿ ಹಣದ ಓಡಾಟ ಹೆಚ್ಚಿತು.

1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಳ್ಳಿಗಳಿಗೆ ಆಕೆ ಇಟ್ಟ ಕಲ್ಪಿತ ನಾಮಗಳು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆಯ ನೀರು ಹರಿಯಿತು. ಎತ್ತರದಲ್ಲಿದ್ದ ದಲೇನಕ್ಕೆ ಹತ್ತಲಿಲ್ಲ. ದಲೇನದ ಗಂಡಸರು ಹೊರಗಿನ ಉದ್ಯೋಗ ವ್ಯಾಪಾರಗಳನ್ನು ಅರಸಿದರು. ವಂಗಲದಲ್ಲಿ ಬೇಸಾಯವೂ ಹಳೆಯ ಕಟ್ಟಳೆಗಳೂ ಬಲಗೊಂಡವು.

ಆಕೆ 1959ರಲ್ಲಿ ಬರೆದ ಲೇಖನವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವಂಗಲದಲ್ಲಿ ಮಾಟಗಾತಿಯರೆಂಬ ಅಪವಾದಕ್ಕೆ ಗುರಿಯಾದವರು ಲೇವಾದೇವಿ ನಡೆಸುತ್ತಿದ್ದ ಒಕ್ಕಲಗಿತ್ತಿಯರು. ಸಾಲ ಕೊಡುವ ಗಂಡಸು ಊರಿಗೆ ಯಜಮಾನನೆನಿಸಬಹುದು. ಅದೇ ವ್ಯವಹಾರ ಹೆಂಗಸಿನ ಕೈಗೆ ಬಂದಾಗ ಅದಕ್ಕೆ ಸಂಪ್ರದಾಯದ ಮನ್ನಣೆಯಿರಲಿಲ್ಲ.

ಇಂತಹ ಊರಿಗೆ ಪ್ರಶ್ನಾವಳಿಯೊಡನೆ ಹೋದ ಸಂಶೋಧಕನಿಗೆ, ಹಣದ ವಿಷಯದಲ್ಲಿ ಸ್ತ್ರೀಯರು ಅಂಜುಬುರುಕರೆಂಬ ಉತ್ತರ ದೊರೆತರೆ ಆಶ್ಚರ್ಯವಿಲ್ಲ. ಆ ಅಂಜಿಕೆಯನ್ನು ಸ್ವಭಾವವೆಂದು ಬರೆದುಕೊಳ್ಳುವುದು ಸುಲಭ. ಅದರ ಹಿಂದೆ ನೆರೆಮನೆಯಾಕೆಗೆ ಬಂದ ಅಪವಾದದ ನೆನಪಿರಬಹುದೆಂಬುದು ಅಂಕಗಳಲ್ಲಿ ಕಾಣದು.

ಅನಂತರದ ಸಂಶೋಧನೆಗಳೂ ಎಚ್ಚರಿಕೆಯನ್ನೇ ಕಲಿಸುತ್ತವೆ. 1974ರಲ್ಲಿ ಮ್ಯಾಕೊಬಿ ಮತ್ತು ಜಾಕ್ಲಿನ್ ಅಪಾರ ಅಧ್ಯಯನಗಳನ್ನು ಶೋಧಿಸಿ, ಪ್ರಚಲಿತವಾಗಿದ್ದ ಅನೇಕ ಭೇದಗಳಿಗೆ ಆಧಾರವಿಲ್ಲವೆಂದು ತೋರಿಸಿದರು. 2005ರಲ್ಲಿ ಜಾನೆಟ್ ಹೈಡ್ 46 ಸಮಗ್ರ ವಿಶ್ಲೇಷಣೆಗಳನ್ನು ಪರಿಶೀಲಿಸಿದಾಗ, ಅಳೆದ ಭೇದಗಳಲ್ಲಿ ಶೇಕಡಾ 78ರಷ್ಟು ಅತ್ಯಲ್ಪ ಅಥವಾ ಶೂನ್ಯಪ್ರಾಯವೆಂದು ಕಂಡುಬಂದಿತು. ಭೇದಗಳೇ ಇಲ್ಲವೆಂದು ಇದರಿಂದ ನಾವು ಸಾಧಿಸಹೊರಟಿಲ್ಲ. ಭೇದವನ್ನು ಅಳೆಯುವ ಮುನ್ನ ಹಣದ ಗಂಟು ಯಾರ ಮಡಿಲಲ್ಲಿದೆ, ಅದನ್ನು ಬಿಚ್ಚಿದವರಿಗೆ ಊರು ಯಾವ ಹೆಸರಿಟ್ಟಿತು ಎಂಬುದನ್ನು ವಿಚಾರಿಸಬೇಕೆಂಬುದಿಷ್ಟೇ ನಮ್ಮ ಅಭಿಪ್ರಾಯ.