ಚಕ್ರದ ಎಲೆ ಮತ್ತು ರಾಜ್ಯವಿಲ್ಲದ ರಾಜ

ಹೋದ ಭಾನುವಾರ ಬಸವೇಶ್ವರನಗರದ ಅಕ್ಕನ ಮನೆಗೆ ಹೋಗಿದ್ದೆ. ಊಟ ಆದಮೇಲೆ ಅಕ್ಕನ ಮಗ ಮೆಲ್ಲಗೆ ಪಕ್ಕಕ್ಕೆ ಬಂದು ಕೂತು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. "ಮಾಮ, ನೀನು ಹಿಸ್ಟರಿ ಪುಸ್ತಕ ಎಲ್ಲಾ ಓದ್ತೀಯಲ್ಲ, ಇದಕ್ಕೆ ಏನರ್ಥ ಹೇಳು" ಅಂದ. ನೋಡಿದರೆ ಟ್ಯಾರೋ ಕಾರ್ಡು. ಹತ್ತನೇ ನಂಬರು, ವೀಲ್ ಆಫ್ ಫಾರ್ಚೂನ್. ಮಧ್ಯೆ ಒಂದು ಚಕ್ರ, ಚಕ್ರದ ಮೇಲೆ ಕತ್ತಿ ಹಿಡಿದ ಸ್ಫಿಂಕ್ಸ್, ಒಂದು ಕಡೆ ಇಳಿಯುವ ಹಾವು, ಇನ್ನೊಂದು ಕಡೆ ಏರುತ್ತಿರುವ ನರಿಮುಖದವನು, ನಾಲ್ಕು ಮೂಲೆಯಲ್ಲಿ ಪುಸ್ತಕ ಓದುತ್ತಾ ಕೂತ ರೆಕ್ಕೆಯ ಪ್ರಾಣಿಗಳು.

ಹುಡುಗನಿಗೆ ಕೆಲಸ ಹೋಗಿ ಐದು ತಿಂಗಳಾಗಿತ್ತು. ವಿಜಯನಗರದಲ್ಲಿ ಯಾರೋ ಕಾರ್ಡು ಓದುವವರ ಹತ್ತಿರ ಹೋಗಿದ್ದಾನೆ. "ನೀನೀಗ ಕೆಳಗಿದ್ದೀಯ, ಮೂರು ತಿಂಗಳಲ್ಲಿ ಚಕ್ರ ತಿರುಗುತ್ತೆ, ಅಲ್ಲೀವರೆಗೂ ಸಣ್ಣದಕ್ಕೆ ಕೈ ಹಾಕಬೇಡ" ಅಂದರಂತೆ. ತಮಾಷೆ ಮಾಡಿ ಬಿಟ್ಟುಬಿಡಬಹುದಿತ್ತು. ಆದರೆ ಕೆಂಗೇರಿ ಕಡೆಯ ಒಂದು ಸಣ್ಣ ಕಂಪನಿಯವರು ಹಳೆಯ ಸಂಬಳದ ಅರ್ಧಕ್ಕೆ ಕೆಲಸ ಕೊಡ್ತೀವಿ ಅಂದಿದ್ದಾರೆ, ಸೋಮವಾರದೊಳಗೆ ಉತ್ತರ ಹೇಳಬೇಕು. ಈತ ಬೇಡ ಅನ್ನುವುದರಲ್ಲಿದ್ದ.

ನನಗೆ ಭವಿಷ್ಯ ಹೇಳಲು ಬರುವುದಿಲ್ಲ. ಹಳೇ ಕಥೆ ಹೇಳಲು ಬರುತ್ತದೆ. ಅದನ್ನೇ ಹೇಳಿದೆ. ಸ್ವಲ್ಪ ಉದ್ದವಾಯಿತು ಅಂತ ಅಕ್ಕ ಈಗಲೂ ಬೈಯುತ್ತಾಳೆ.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳಲಿಕ್ಕಲ್ಲ, ಆಡಲಿಕ್ಕೆ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ, ದೊಡ್ಡವರ ಮನೆಗಳಲ್ಲಿ ಕೂತು ಆಡುತ್ತಿದ್ದ ಇಸ್ಪೀಟು ಅದು. ಸಾಮಾನ್ಯ ಎಲೆಗಳ ಜೊತೆಗೆ 22 ಚಿತ್ರದ ಎಲೆಗಳು, ಒಟ್ಟು 78. ಈ ಚಿತ್ರದ ಎಲೆಗಳೇ ತುರುಫು. ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಇವತ್ತಿಗೂ ಹಾಗೆ ಆಡುತ್ತಾರೆ. ಸುಮಾರು ಮುನ್ನೂರೈವತ್ತು ವರ್ಷ ಕಳೆದ ಮೇಲೆ, 1781ರಲ್ಲಿ, ಪ್ಯಾರಿಸ್ಸಿನ ಕೂರ್ ದ ಜೆಬೆಲಿನ್ ಎಂಬ ಪಂಡಿತ ಇದು ಪ್ರಾಚೀನ ಈಜಿಪ್ಟಿನ ಪುರೋಹಿತರ ಗುಪ್ತಜ್ಞಾನ ಅಂತ ಬರೆದುಬಿಟ್ಟ. ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಸಾಧ್ಯವಾದದ್ದೇ 1822ರಲ್ಲಿ! ಅದಕ್ಕೂ ನಲವತ್ತು ವರ್ಷ ಮೊದಲೇ ಈ ಮಹಾಶಯ ಅರ್ಥ ಹೇಳಿ ಮುಗಿಸಿದ್ದ. ಹುಡುಗನ ಮೊಬೈಲಿನಲ್ಲಿದ್ದ ಸ್ಫಿಂಕ್ಸ್ ಬಂದದ್ದು ಇಂಥ ಈಜಿಪ್ಟಿನ ಹುಚ್ಚಿನಿಂದ. ಆ ಚಿತ್ರ 1909ರದ್ದು. ಲಂಡನ್ನಿನಲ್ಲಿ ವೇಟ್ ಎಂಬಾತ ಹೇಳಿ ಬರೆಸಿದ್ದು, ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್.

ಹಳೆಯ ಎಲೆಯಲ್ಲಿ ಸ್ಫಿಂಕ್ಸೂ ಇಲ್ಲ, ನರಿಯೂ ಇಲ್ಲ. ಮಿಲಾನಿನ ವಿಸ್ಕೊಂಟಿ-ಸ್ಫೋರ್ಝಾ ದೊರೆಗಳಿಗಾಗಿ ಚಿನ್ನದ ರೇಕು ಹಾಕಿ ಬರೆದ ಎಲೆಯಲ್ಲಿ ಇರುವುದು ಮನುಷ್ಯರು. ನಡುವೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅದೃಷ್ಟದೇವತೆ, ಸುತ್ತ ನಾಲ್ಕು ಜನ. ಏರುತ್ತಿರುವವನು ನಾನು ಆಳುತ್ತೇನೆ ಅನ್ನುತ್ತಾನೆ, ಮೇಲಿರುವವನು ಆಳುತ್ತಿದ್ದೇನೆ ಅನ್ನುತ್ತಾನೆ, ಬೀಳುತ್ತಿರುವವನು ಆಳಿದ್ದೆ ಅನ್ನುತ್ತಾನೆ. ತಳದಲ್ಲಿ ನೆಲಕ್ಕೆ ಕೈಯೂರಿ ಚಕ್ರವನ್ನು ಬೆನ್ನ ಮೇಲೆ ಹೊತ್ತ ಮುದುಕ ನನಗೆ ರಾಜ್ಯವಿಲ್ಲ ಅನ್ನುತ್ತಾನೆ. ಏರುವವನಿಗೂ ಮೇಲೆ ಕೂತವನಿಗೂ ಕತ್ತೆಕಿವಿ ಬರೆದಿದ್ದಾರೆ! ಮುದುಕನಿಗೆ ಮಾತ್ರ ಪೂರ್ತಿ ಮನುಷ್ಯರೂಪ. ಎಲೆ ಬರೆಸಿದ ಮನೆತನದ ಫ್ರಾನ್ಸೆಸ್ಕೋ ಸ್ಫೋರ್ಝಾ ಬಾಡಿಗೆ ಸೈನ್ಯದ ನಾಯಕನಾಗಿದ್ದವನು, 1450ರಲ್ಲಿ ಮಿಲಾನಿನ ದೊರೆಯಾದ. ಅವನ ಮಗ ಲುಡೊವಿಕೊ 1499ರಲ್ಲಿ ಫ್ರೆಂಚರಿಗೆ ಊರು ಬಿಟ್ಟುಕೊಟ್ಟು, ಆಮೇಲೆ ಸಿಕ್ಕಿಬಿದ್ದು, 1508ರಲ್ಲಿ ಅವರ ಸೆರೆಯಲ್ಲೇ ಸತ್ತ.

"ಹಾಗಾದ್ರೆ ಕೆಳಗಿರೋನು ಮತ್ತೆ ಮೇಲೆ ಹೋಗ್ತಾನೆ ತಾನೆ?" ಅಂದ ಹುಡುಗ. ಯಾವಾಗ ಅಂತ ಎಲೆಯಲ್ಲಿ ಎಲ್ಲೂ ಬರೆದಿಲ್ಲ ಕಣೋ ಅಂದೆ. ಇದಕ್ಕೆ ಮಿಲಾನಿಗೆ ಯಾಕೆ ಹೋಗಬೇಕು, ಕೆಂಗೇರಿ ದಾಟಿ ಮೈಸೂರು ರೋಡಿನಲ್ಲೇ ಮುಂದೆ ಹೋದರೆ ಸಾಕು.

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ಕ್ಕೆ. ಮುಂದಿನ ತಿಂಗಳ ಕೊನೆಗೆ ಐದು ವರ್ಷದ ಹುಡುಗನೊಬ್ಬನನ್ನು ಬ್ರಿಟಿಷರು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್. ಪೂರ್ಣಯ್ಯನವರ ಕಾಲ ಮುಗಿದು ತಾವೇ ಆಳತೊಡಗಿದ ಇಪ್ಪತ್ತು ವರ್ಷಕ್ಕೆ ನಗರದ ರೈತರ ದಂಗೆ ಎದ್ದಿತು. ಅದನ್ನೇ ಕಾರಣ ಮಾಡಿ 1831ರಲ್ಲಿ ಬೆಂಟಿಂಕ್ ಆಡಳಿತ ಕಿತ್ತುಕೊಂಡ. ಕಮಿಷನರ ಕಚೇರಿ ಬೆಂಗಳೂರಿಗೆ ಬಂತು. ನಮ್ಮೂರು ದೊಡ್ಡದಾಗಲು ಅದೂ ಒಂದು ಕಾರಣ ಅನ್ನಿ, ಒಬ್ಬರು ಇಳಿದರೆ ಇನ್ನೊಬ್ಬರು ಏರುವುದು! ಮಹಾರಾಜರಿಗೆ ಉಳಿದದ್ದು ಅರಮನೆ, ಸಿಂಹಾಸನ, ದಸರೆ ಮತ್ತು ವರ್ಷಾಶನ. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದೆ ಬದುಕಿದ್ದೂ ಸುಮಾರು ಅಷ್ಟೇ ವರ್ಷ. 1868ರ ಮಾರ್ಚ್ 27ರಂದು ತೀರಿಕೊಂಡರು, ಆಡಳಿತ ವಾಪಸ್ಸು ಬರಲಿಲ್ಲ. ಬಂದದ್ದು 1881ರಲ್ಲಿ, ದತ್ತುಮಗ ಚಾಮರಾಜೇಂದ್ರ ಒಡೆಯರಿಗೆ.

ಹಾಗಂತ ಅವರು ಸುಮ್ಮನೆ ಕೂತಿರಲಿಲ್ಲ. ರಾಜ್ಯ ಕೊಡಿ ಅಂತ ಒಬ್ಬ ಗವರ್ನರ್ ಜನರಲ್ ಆದಮೇಲೆ ಇನ್ನೊಬ್ಬನಿಗೆ ಮನವಿ ಬರೆಯುತ್ತಲೇ ಇದ್ದರು. ಇನ್ನೊಂದು ಕಡೆ 'ಶ್ರೀತತ್ತ್ವನಿಧಿ' ಎಂಬ ಒಂಬತ್ತು ನಿಧಿಗಳ ಮಹಾಗ್ರಂಥ ಚಿತ್ರಗಳ ಸಮೇತ ಸಿದ್ಧವಾಯಿತು. ಅದರ ಕೊನೆಯದು ಕೌತುಕನಿಧಿ. ಅದರಲ್ಲಿರುವ 122 ಯೋಗಾಸನಗಳ ಚಿತ್ರಗಳು 1996ರಲ್ಲಿ ಪುಸ್ತಕವಾಗಿ ಜಗತ್ತಿಗೆಲ್ಲ ಗೊತ್ತಾದವು. ಅದೇ ನಿಧಿಯಲ್ಲಿರುವ ಇಸ್ಪೀಟಿನ ಸುದ್ದಿ ಅಷ್ಟು ಜನಕ್ಕೆ ತಲುಪಿಲ್ಲ ಅನ್ನೋದು ನನ್ನ ಹೊಟ್ಟೆಕಿಚ್ಚು.

ಒಟ್ಟು ಹದಿಮೂರು ಎಲೆಯಾಟಗಳು. ಇವಕ್ಕೆ ಛದ ಅಂತ ಹೆಸರು. ಸಂಸ್ಕೃತದಲ್ಲಿ ಛದ ಅಂದರೂ ಎಲೆಯೇ, ನಾವು ಇಸ್ಪೀಟೆಲೆ ಅನ್ನುವ ಹಾಗೆ. ಪರ್ಷಿಯಾ ಕಡೆಯಿಂದ ಬಂದ ಗಂಜೀಫಾ ಇದರ ಮೂಲ. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟದ್ದನ್ನು ತನ್ನ ದಿನಚರಿಯಲ್ಲೇ ಬರೆದಿದ್ದಾನೆ. ಮೊಗಲರ ಗಂಜೀಫಾದಲ್ಲಿ 96 ಎಲೆ, ದಶಾವತಾರದ್ದರಲ್ಲಿ 120. ಮುಮ್ಮಡಿಯವರಿಗೆ ಅದು ಎಲ್ಲಿ ಸಾಕು! ಚಾಮುಂಡೇಶ್ವರಿ ಛದಕ್ಕೆ ಹದಿನಾರು ಗುಂಪು, 320 ಎಲೆ. ಜಗನ್ಮೋಹನ ಛದಕ್ಕೆ ಹದಿನೆಂಟು ಗುಂಪು, 360 ಎಲೆ. ಒಂದೊಂದು ಎಲೆಯೂ ಕೈಯಲ್ಲಿ ಬರೆದ ಚಿತ್ರ. ದೇವಿ, ದಿಕ್ಪಾಲಕರು, ಪಾಂಡವರು, ಎಲ್ಲರೂ ಇದ್ದಾರೆ. ನವಗ್ರಹಗಳದ್ದೇ ಬೇರೆ ಒಂದು ಆಟವಿದೆ.

ನವಗ್ರಹ ಅಂದಕೂಡಲೇ ಹುಡುಗನ ಕಿವಿ ನೆಟ್ಟಗಾಯಿತು. ನನಗೆ ಬೇಕಾಗಿದ್ದೂ ಅದೇ. ಶನಿ, ರಾಹು, ಕೇತು ಎಲ್ಲರನ್ನೂ ಕೈಯಲ್ಲಿ ಹಿಡಿದು ಕೂತಿದ್ದ ರಾಜ, ಜ್ಯೋತಿಷ್ಯ ಚೆನ್ನಾಗಿ ಬಲ್ಲವರು, ರಾಜ್ಯಕ್ಕಾಗಿ ಕಾಯುತ್ತಿದ್ದವರು. ಅಂಥವರು ಮಾಡಿಸಿದ ಈ ಎಲೆಗಳೂ ಆಟದ ಎಲೆಗಳೇ, ಕಣಿ ಹೇಳುವ ಎಲೆಗಳಲ್ಲ. ನಮ್ಮಲ್ಲಿ ಎಲೆ ತೆಗೆದು ಭವಿಷ್ಯ ಹೇಳಿದ್ದು ಫುಟ್‌ಪಾತಿನ ಗಿಳಿಶಾಸ್ತ್ರದ ಗಿಳಿ, ಅದೂ ಎರಡು ಕಾಳು ಭತ್ತಕ್ಕೆ.

ಇನ್ನೊಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಗಂಜೀಫಾದಲ್ಲಿ ಅರ್ಧ ಗುಂಪುಗಳಿಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧಕ್ಕೆ ಉಲ್ಟಾ, ರಾಜ, ಮಂತ್ರಿ ಆದಮೇಲೆ ಒಂದೇ ದೊಡ್ಡದು, ಹತ್ತು ಕಡೆಯದು. ಇಟಲಿಯ ಹಳೇ ಟ್ಯಾರೋ ಆಟದಲ್ಲೂ ಇದೇ ನಿಯಮ. ಬಟ್ಟಲು, ನಾಣ್ಯದ ಗುಂಪುಗಳಲ್ಲಿ ಒಂದಕ್ಕೇ ಬೆಲೆ ಹೆಚ್ಚು, ಕತ್ತಿ, ಕೋಲುಗಳಲ್ಲಿ ಹತ್ತಕ್ಕೆ. ಎಲ್ಲಿಯ ಮಿಲಾನು, ಎಲ್ಲಿಯ ಮೈಸೂರು! ಕೈಗೆ ಬಂದದ್ದು ಸಣ್ಣ ಎಲೆಯೋ ದೊಡ್ಡ ಎಲೆಯೋ ಅಂತ ಅದರ ಮೇಲಿನ ಅಂಕಿ ಒಂದನ್ನೇ ನೋಡಿ ಹೇಳಲಾಗದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೂವತ್ತೇಳು ವರ್ಷಾನಾ ಮಾಮ?" ಅಂತ ಮತ್ತೊಮ್ಮೆ ಕೇಳಿದ. ಹೌದು ಅಂದೆ. ಎದ್ದು ಒಳಗೆ ಹೋದವನು ಒಂದು ಹಳೇ ಇಸ್ಪೀಟಿನ ಕಟ್ಟು ಹುಡುಕಿ ತಂದ. ಆಟೀನು, ಡೈಮನ್ ಉಲ್ಟಾ, ಇಸ್ಪೀಟು, ಕಳಾವರ್ ಸರಿ ಅಂತ ಮಾತಾಡಿಕೊಂಡು ಮೂರು ಜನ ಆಡಲು ಕೂತೆವು. ಆಟೀನಿನ ಹತ್ತು ಹಿಡಿದು ಗೆದ್ದೆ ಅಂತ ಹಿಗ್ಗುತ್ತಿದ್ದ ಅಕ್ಕ ನನ್ನ ಎರಡಕ್ಕೆ ಸೋತು, "ಇದೆಂಥಾ ಮನೆಹಾಳು ಆಟವೋ" ಅಂತ ಎಲೆ ಬಿಸಾಕಿದಳು. ರಾತ್ರಿ ವಿಜಯನಗರದಲ್ಲಿ ಕೆಂಗೇರಿ ಕಡೆಯ ಮೆಟ್ರೋ ಹತ್ತುವಾಗ ಹುಡುಗನ ಮೆಸೇಜು ಬಂತು: "ಮಾಮ, ಕೆಂಗೇರಿ ಬಸ್ ಟರ್ಮಿನಲ್ ಸ್ಟೇಷನ್ನಿನಿಂದ ಆ ಕಂಪನಿಗೆ ನಡೆದು ಹೋಗಬಹುದಾ, ಆಟೋ ಬೇಕಾ?"