ಹೇಮಗುಡ್ಡ : ಗಿರಿದುರ್ಗದ ಬಲವೂ ಅದರ ಮಿತಿಯೂ

ವಿಜಯನಗರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1336ರಿಂದ ಆರಂಭಿಸುತ್ತೇವೆ. ಆದರೆ ಆ ಸಾಮ್ರಾಜ್ಯಕ್ಕೆ ಒಂದು ಪೂರ್ವರಂಗವುಂಟು. ಅದು ನಡೆದುದು ತುಂಗಭದ್ರೆಯ ಉತ್ತರಕ್ಕಿರುವ ಬೆಟ್ಟಗಳ ನಡುವೆ. ಗಂಗಾವತಿ ಪಟ್ಟಣಕ್ಕೆ ಸಮೀಪದ ಹೇಮಗುಡ್ಡವು ಆ ಬೆಟ್ಟಗಳಲ್ಲೊಂದು. ಕೋಟೆಯ ಅವಶೇಷಗಳನ್ನೂ ದುರ್ಗಾದೇವಿಯ ಗುಡಿಯನ್ನೂ ಉಳ್ಳ ಈ ನೆಲೆಯನ್ನು ಜನಪರಂಪರೆಯು ಕಂಪಿಲರಾಯನ ವಂಶದೊಡನೆ ಹೊಂದಿಸುತ್ತದೆ. ಅವನ ಮಗ ಕುಮಾರರಾಮನ ಪರಾಕ್ರಮವನ್ನು ಸಾಂಗತ್ಯ ಕಾವ್ಯಗಳು ಕೊಂಡಾಡಿವೆ. ಆದರೆ ಇಂತಹ ಬಲವಾದ ಬೆಟ್ಟಗಳನ್ನು ಆಶ್ರಯಿಸಿದ್ದ ರಾಜ್ಯವು ಏಕೆ ಬಿದ್ದಿತೆಂಬುದನ್ನು ತಿಳಿಯಲು ನಾವು ಬೇರೆ ಆಧಾರಗಳತ್ತ ತಿರುಗಬೇಕಾಗುತ್ತದೆ.

ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ತನ್ನ ಬಂಧುವೇ ಆದ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು, ಸೋತು, ಕಂಪಿಲನ ಮರೆಹೊಕ್ಕನು. ಶರಣಾಗತನನ್ನು ಒಪ್ಪಿಸಲು ಕಂಪಿಲನು ಸಮ್ಮತಿಸಲಿಲ್ಲ. ಸುಲ್ತಾನನ ಸೈನ್ಯಕ್ಕೆ ಮೊದಲ ಯತ್ನದಲ್ಲಿಯೇ ಜಯ ದೊರೆಯಲಿಲ್ಲವಾದರೂ 1327ರಲ್ಲಿ ಕಂಪಿಲರಾಜ್ಯವು ಅಳಿಯಿತು. 1350ರಲ್ಲಿ ಮುಗಿದ ಇಸಾಮಿಯ ಪಾರಸಿ ಕಾವ್ಯದಲ್ಲಿ ಕುಮ್ಮಟ, ಹೊಸದುರ್ಗ ಎಂಬ ಕೋಟೆಗಳ ಹೆಸರು ಬರುತ್ತವೆ. ಇವುಗಳ ಸ್ಥಳನಿರ್ದೇಶದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಕೆಲವು ವರ್ಷಗಳ ತರುವಾಯ ಭಾರತಕ್ಕೆ ಬಂದ ಇಬ್ನ್ ಬತೂತನ ಹೇಳಿಕೆಯು ಇಲ್ಲಿ ಗಮನಾರ್ಹವಾದುದು. ಮುತ್ತಿಗೆಯ ಕಾಲದಲ್ಲಿ ಕಂಪಿಲನ ಆಹಾರಸಂಗ್ರಹವು ತೀರಿಹೋಯಿತು. ಆಗ ಅವನು ಗುರ್ಶಾಸ್ಪನನ್ನು ನೆರೆಯ ಅರಸನಲ್ಲಿಗೆ ಕಳುಹಿಸಿದನು. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಬಳಿಕ ತಾನು ಹೊರಬಂದು ಕಾದಿ ಮಡಿದನು. ಸೆರೆಸಿಕ್ಕ ಕಂಪಿಲನ ಮಕ್ಕಳಲ್ಲಿ ಮೂವರನ್ನು ಇಬ್ನ್ ಬತೂತನು ಸ್ವತಃ ಕಂಡಿದ್ದನಾದುದರಿಂದ ಈ ಹೇಳಿಕೆಯನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕಲಾಗದು.

ಇದರಿಂದ ಗಿರಿದುರ್ಗದ ಮಿತಿ ಸ್ಪಷ್ಟವಾಗುತ್ತದೆ. ಹೆಬ್ಬಂಡೆಗಳ ಮರೆಯಲ್ಲಿ ನಿಂತ ಕೆಲವರು ದೊಡ್ಡ ಸೈನ್ಯವನ್ನು ತಡೆಯಬಲ್ಲರು. ಆದರೆ ಅವರು ಉಣ್ಣುವ ಧಾನ್ಯ ಬೆಳೆಯುವುದು ಕೆಳಗಿನ ಬಯಲಿನಲ್ಲಿ. ಬಯಲು ಶತ್ರುವಿನ ವಶವಾದ ಮೇಲೆ ಬೆಟ್ಟದ ಮೇಲಿನವರಿಗೆ ಉಳಿಯುವುದು ಕೂಡಿಟ್ಟ ಕಾಳು ಮಾತ್ರ.

ಮುಂದೆ ಇದೇ ಸೀಮೆಯಲ್ಲಿ ಬೆಳೆದ ವಿಜಯನಗರದ ರಚನೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿಯೂ ಬೆಟ್ಟಗಳೇ ಕೋಟೆಗೆ ಆಧಾರ. ಆದರೆ ನದಿಯಿಂದ ತೆಗೆದ ಕಾಲುವೆಗಳು ಬೆಟ್ಟಗಳ ನಡುವಣ ಗದ್ದೆಗಳಿಗೆ ನೀರುಣಿಸಿದವು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಏಳು ಪ್ರಾಕಾರಗಳನ್ನು ವರ್ಣಿಸುತ್ತ, ಹೊರಗಿನ ಮೂರು ಗೋಡೆಗಳ ನಡುವೆ ಹೊಲ, ತೋಟ, ಮನೆಗಳಿದ್ದುವೆಂದು ಹೇಳಿದ್ದಾನೆ. ಕಂಪಿಲನ ಪತನವೇ ಇದಕ್ಕೆ ಪ್ರೇರಣೆಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಒಂದು ನಗರವು ಅನ್ನದ ನೆಲವನ್ನೂ ಕೋಟೆಯೊಳಗೆ ಸೇರಿಸಿಕೊಂಡಿತೆಂಬುದಷ್ಟೇ ನಿಶ್ಚಿತ.

ಆದುದರಿಂದ ಹೇಮಗುಡ್ಡವನ್ನೇರುವ ವಿದ್ಯಾರ್ಥಿಗಳು ಗೋಡೆಯ ಎತ್ತರವನ್ನು ಮಾತ್ರ ಅಳೆದು ಹಿಂದಿರುಗಬಾರದು. ನೀರು ನಿಲ್ಲಬಲ್ಲ ದೊಣೆಗಳೆಲ್ಲಿ, ಕಣಜಕ್ಕೆ ತಕ್ಕ ಸ್ಥಳವಾವುದು, ಬಯಲಿನಿಂದ ಮೇಲೇರುವ ದಾರಿಗಳೆಷ್ಟು ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಕಾವ್ಯಗಳು ವೀರರನ್ನು ನೆನೆದಿವೆ. ಅವರಿಗೆ ಅನ್ನ ಬೆಳೆದ ಬಯಲಿನ ಚರಿತ್ರೆಯನ್ನು ಬರೆಯುವ ಹೊಣೆ ನಮ್ಮದು.