ಚೀಟಿಯ ಮೇಲಿನ ಹೆಸರು

ಪ್ರದರ್ಶನಕ್ಕೆ ಹೋದಾಗ ನಾವು ಚಿತ್ರ ನೋಡುತ್ತೇವೆ, ಕಸೂತಿ ನೋಡುತ್ತೇವೆ, ಎದುರಿಗೆ ಬಂದವರ ಸೀರೆಯನ್ನೂ ನೋಡುತ್ತೇವೆ. ಚಿತ್ರದ ಕೆಳಗೆ ಅಂಟಿಸಿದ ಅಂಗೈ ಅಗಲದ ಚೀಟಿಯನ್ನು ಓದುವವರು ಕಡಿಮೆ. ನನಗೆ ಮಾತ್ರ ಮೊದಲಿನಿಂದಲೂ ಆ ಚೀಟಿಯ ಮೇಲೆಯೇ ಕಣ್ಣು. ಬಹುಮಾನದ ಹಣ ಖರ್ಚಾಗುತ್ತದೆ, ಪದಕ ಪೆಟ್ಟಿಗೆಯಲ್ಲಿ ಕಪ್ಪಾಗುತ್ತದೆ. ಉಳಿಯುವುದು ಮಾಡಿದವರ ಹೆಸರು. ಆ ಹೆಸರು ಯಾರದು ಎಂದು ಕೇಳುತ್ತಾ ಹೋದರೆ ಒಂದು ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ನನ್ನ ತವರು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ. ಭಾದ್ರಪದದಲ್ಲಿ ಅಲ್ಲಿ ಮಾರಮ್ಮನ ಜಾತ್ರೆ. ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಹರಿದಾಡುತ್ತವೆ. ಚಿಕ್ಕಂದಿನಲ್ಲಿ ನಾನು ಕಂಡ ಮೊದಲ ಪ್ರದರ್ಶನ ಈ ಜಾತ್ರೆಯೇ. ನೆಲದ ಮೇಲೆ ಹಾಸಿದ ಕಂಬಳಿಗಳು, ಮಡಕೆ, ಬುಟ್ಟಿ, ಮೊರ, ಬಣ್ಣದ ಆಟಿಕೆ. ಅಲ್ಲಿ ತೀರ್ಪುಗಾರರು ಬೇರೆ ಬೇಕಿರಲಿಲ್ಲ. ಮೊರವನ್ನು ತಿರುಗಿಸಿ, ಮಡಕೆಯನ್ನು ಬೆರಳಿನಿಂದ ಟಣ್ಣೆನಿಸಿ ನೋಡುವ ಹೆಂಗಸರೇ ತೀರ್ಪುಗಾರರು. ಬೇಗ ಮಾರಿಹೋದದ್ದೇ ಬಹುಮಾನ. ಚೀಟಿ ಮಾತ್ರ ಇರಲಿಲ್ಲ. ಬುಟ್ಟಿ ಯಾರು ಹೆಣೆದರೆಂದು ಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ.

ಹಾಗೆಂದು ಮಾಡಿದವರು ಹೆಸರು ಹಾಕುವುದು ನಮ್ಮ ಸೀಮೆಗೆ ಹೊಸದೇನಲ್ಲ. ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವಿದೆ. ಬಿ.ಎಲ್. ರೈಸ್ ಅವರು ಇದನ್ನೂ ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ 1892ರಲ್ಲಿ ಬೆಳಕಿಗೆ ತಂದರು. ಶಾಸನದ ಮಾತೆಲ್ಲ ಚಕ್ರವರ್ತಿಯದು. ಆದರೆ ಕೊನೆಯಲ್ಲಿ, ಇದನ್ನು ಬರೆದವನು ಚಪಡ ಎಂಬ ಲಿಪಿಕಾರ ಎಂದಿದೆ. ಆ ‘ಲಿಪಿಕಾರ’ ಎಂಬ ಮಾತನ್ನು ಅವನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಅಕ್ಷರದಲ್ಲಿ ಬರೆದಿದ್ದಾನೆ. ಆ ಲಿಪಿ ವಾಯವ್ಯದ ಗಾಂಧಾರದ ಕಡೆಯದು. ಈ ಕಲ್ಲುಗುಡ್ಡದಲ್ಲಿ ಅದನ್ನು ಓದುವವರು ಯಾರಿದ್ದರೋ! ಆದರೂ ತನ್ನ ಕೈಗುರುತು ಬಿಟ್ಟುಹೋಗುವ ಆಸೆ ಅವನನ್ನು ಬಿಡಲಿಲ್ಲ. ಎರಡು ಸಾವಿರದ ಇನ್ನೂರು ವರ್ಷ ಕಳೆದ ಮೇಲೂ ಚಪಡನ ಹೆಸರು ಉಳಿದಿದೆ.

ಹೊಯ್ಸಳರ ಕಾಲದ ಶಿಲ್ಪಿಗಳಂತೂ ಹೆಸರಿನ ಜೊತೆಗೆ ಬಿರುದುಗಳನ್ನೂ ಕೆತ್ತಿಕೊಂಡರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಕೊನೆಯಲ್ಲಿ ‘ಅಮ್ಮ’ ಇದೆಯೆಂದು ಹಿಗ್ಗಬೇಡಿ, ಮಲ್ಲಿತಮ್ಮನೂ ಗಂಡಸೇ. ಬೇಲೂರಿನ ಮದನಿಕೆಯರ ಜಡೆ, ಒಡವೆ, ಕನ್ನಡಿ ಹಿಡಿದ ಭಂಗಿ ಎಲ್ಲವೂ ಹೆಣ್ಣಿನದು. ಪೀಠದ ಮೇಲಿನ ಸಹಿ ಗಂಡಸಿನದು.

ಇಂದು ನಾವು ಕಾಣುವಂಥ ಪ್ರದರ್ಶನ, ಪದಕ, ಪ್ರಶಸ್ತಿಪತ್ರಗಳು ನಮ್ಮಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1873ರಲ್ಲಿ ರಾಜಾ ರವಿವರ್ಮನ ಚಿತ್ರಕ್ಕೆ ವಿಯೆನ್ನಾದ ಪ್ರದರ್ಶನದಲ್ಲಿ ಬಹುಮಾನ ಬಂತು. 1888ರಲ್ಲಿ ಬೊಂಬಾಯಿಯಲ್ಲಿ ಆರ್ಟ್ ಸೊಸೈಟಿ ಹುಟ್ಟಿತು. ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಮೊಳೆತ ದಸರಾ ವಸ್ತುಪ್ರದರ್ಶನ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1907ರ ಹೊತ್ತಿಗೆ, ಕೈಗಾರಿಕೆ ಮತ್ತು ಕೃಷಿಯ ದೊಡ್ಡ ಪ್ರದರ್ಶನವಾಗಿ ಬೆಳೆಯಿತು. ಅದೀಗ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ಹಪ್ಪಳ ತಿನ್ನಲು, ತೊಟ್ಟಿಲಲ್ಲಿ ತಿರುಗಲು ಹೋಗುವ ನಮಗೆ ಅದರ ಹಿಂದೆ ಇಷ್ಟು ಹಳೆಯ ಉದ್ದೇಶವಿದೆಯೆಂಬುದು ನೆನಪಾಗುವುದಿಲ್ಲ.

ಮೈಸೂರಿಗೆ ಹೋದವರು ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನೂ ನೋಡಿರುತ್ತೀರಿ. ಅಲ್ಲಿ ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಮರೆಯಾಗಿಟ್ಟು ನಿಂತ ಹೆಣ್ಣಿನ ಚಿತ್ರವಿದೆ. ಬೆರಳ ಸಂದಿಯಿಂದ ಬೆಳಕು ಸೋರುತ್ತದೆ. ಕ್ಯಾಲೆಂಡರಿನಲ್ಲಿ, ಮದುವೆಯ ಉಡುಗೊರೆಯ ಕಟ್ಟುಗಳಲ್ಲಿ ಇದನ್ನು ಕಾಣದ ಮನೆಯಿಲ್ಲ. ಯಾರ ಚಿತ್ರವೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ರವಿವರ್ಮನದು ಎನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬರೆದವರು ಎಸ್.ಎಲ್. ಹಲ್ದಣಕರ್, 1945-46ರಲ್ಲಿ, ಅದೂ ತಿದ್ದಲು ಬಿಡದ ಜಲವರ್ಣದಲ್ಲಿ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಅಲುಗಾಡದೆ ಗಂಟೆಗಟ್ಟಲೆ ದೀಪ ಹಿಡಿದು ನಿಲ್ಲುವುದು ಎಂಥ ಕೆಲಸವೆಂದು ಬೇಕಾದರೆ ಮನೆಯಲ್ಲಿ ನಿಂತು ನೋಡಿ. ನೂರು ದಾಟಿ ಬಾಳಿದ ಗೀತಾ ಉಪ್ಲೇಕರ್ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ಹೆಸರು ಬರೆದವು. ಅಷ್ಟು ಹೊತ್ತಿಗೆ ಚಿತ್ರಕ್ಕೆ ಎಪ್ಪತ್ತು ವರ್ಷ ದಾಟಿತ್ತು.

ಹೆಣ್ಣಿನ ಹೆಸರು ಚೀಟಿಯ ಮೇಲೆ ಬಂದದ್ದೂ ಉಂಟು. 1937ರಲ್ಲಿ ಬೊಂಬಾಯಿಯ ಆ ಸೊಸೈಟಿಯ ಚಿನ್ನದ ಪದಕ ‘ಮೂವರು ಹುಡುಗಿಯರು’ ಚಿತ್ರಕ್ಕೆ ಸಂದಿತು. ಬರೆದವಳು ಇಪ್ಪತ್ನಾಲ್ಕರ ಅಮೃತಾ ಶೇರ್‌ಗಿಲ್. ಹತ್ತು ವರ್ಷದ ನಂತರ ಅದೇ ಪದಕ ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರಿಗೆ ಬಂತು. 1964ರಲ್ಲಿ ನಮ್ಮ ರಾಜ್ಯಕ್ಕೇ ಲಲಿತಕಲಾ ಅಕಾಡೆಮಿ ಬಂದು, ವಾರ್ಷಿಕ ಪ್ರದರ್ಶನ, ಬಹುಮಾನಗಳು ನಡೆಯತೊಡಗಿದವು. ಉಳಿ ಹಿಡಿಯುವುದು ಹೆಣ್ಣಿಗೆ ಆಗದು ಎನ್ನುತ್ತಿದ್ದ ಕಾಲದಲ್ಲಿ ಕಲ್ಲು ಕೆತ್ತಲು ಕಲಿತ ಟಿ. ನರಸೀಪುರದ ಕನಕಾ ಮೂರ್ತಿ ಜಕಣಾಚಾರಿ ಪ್ರಶಸ್ತಿಯವರೆಗೆ ನಡೆದರು. 2021ರಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ನಮ್ಮ ತಾಲ್ಲೂಕಿನದೇ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ನೆನಪಿನಲ್ಲಿದ್ದ ಸಾವಿರಾರು ಹಾಡುಗಳಿಂದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜರಾದರು.

ಆದರೆ ಇಂಥ ಹೆಸರುಗಳನ್ನು ಬೆರಳ ಮೇಲೆ ಎಣಿಸಬೇಕು. ಎಣಿಕೆಗೆ ಬಾರದವರು ನಮ್ಮ ಮನೆಯಲ್ಲೇ ಇದ್ದಾರೆ. ಕಂಬಳಿಯ ಮಾತನ್ನೇ ತೆಗೆದುಕೊಳ್ಳಿ. ಉಣ್ಣೆ ಹಿಂಜುವುದು, ನೂಲುವುದು ಹೆಂಗಸರು. ಗುಂಡಿಮಗ್ಗದಲ್ಲಿ ಕುಳಿತು ನೇಯುವುದು ಗಂಡಸರು. ಹುಣಸೆಬೀಜ ಅರೆದು ಸರಿ ಕಾಯಿಸಲು ಮತ್ತೆ ಹೆಂಗಸರೇ ಬೇಕು. ನೂಲು ಹದವಾಗಿಲ್ಲದಿದ್ದರೆ ಯಾವ ನೇಕಾರನೂ ಒಳ್ಳೆಯ ಕಂಬಳಿ ನೇಯಲಾರ. ಒಂದು ವರ್ಷ ತಾಲ್ಲೂಕಿನ ಪ್ರದರ್ಶನವೊಂದರಲ್ಲಿ ನಮ್ಮ ತಾತನ ಕರಿಕಂಬಳಿಗೆ ಮೊದಲ ಬಹುಮಾನ ಬಂತು. ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ನಡುಮನೆಯ ಗೋಡೆಗೇರಿತು. ನೂಲು ನನ್ನಜ್ಜಿಯದು. ದೊಡ್ಡವಳಾದ ಮೇಲೆ ಅಜ್ಜಿಯನ್ನು ಕೇಳಿದೆ, “ನಿನ್ನ ಹೆಸರು ಹಾಕಲಿಲ್ಲವೆಂದು ಬೇಜಾರಾಗಲಿಲ್ವಾ ಅಜ್ಜಿ?”

“ಅಯ್ಯೋ ಬಿಡವ್ವ, ಕಂಬ್ಳಿ ಬೆಚ್ಚಗಿದ್ರೆ ಸಾಕು, ಹೆಸ್ರು ಯಾರ್ದಾದ್ರೇನು” ಎಂದಳು. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕುಳಿತು, “ಆದ್ರೂ ನೂತೋರು ಯಾರು ಅಂತ ಒಂದು ಮಾತು ಕೇಳ್ಬೋದಿತ್ತು” ಎಂದಳು.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇನ್ನು ಬೇರೆ ಊರಿನವರು ಆ ಹೆಸರು ಹೇಳಿ ಮಾರುವಂತಿಲ್ಲ. ಊರಿಗೆ ಹೆಸರು ಬಂತು, ಸಂತೋಷವೇ. ಆದರೆ ಕಂಡಿಕೆ ಸುತ್ತಿದವಳ, ಹರಿದ ಎಳೆಯನ್ನು ಗಂಟು ಕಾಣದಂತೆ ಹೊಸೆದವಳ ಹೆಸರು ಸೀರೆಯ ಡಬ್ಬಿಯ ಮೇಲೆ ಇಂದಿಗೂ ಇಲ್ಲ.

ನಾನು ಮದುವೆಯಾಗಿ ಬಂದ ಊರಿನ ಮಹಿಳಾ ಸಮಾಜದಲ್ಲಿ ನವರಾತ್ರಿಗೆ ಪ್ರತಿವರ್ಷ ಸಣ್ಣದೊಂದು ಪ್ರದರ್ಶನ, ಮೂರು ಬಹುಮಾನ. ಅಜ್ಜಿ ಹೋದ ವರ್ಷ ನಾನೊಂದು ಸಲಹೆ ಇಟ್ಟೆ: ಮಾಡಿದವರೆಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆಯಬೇಕು. ವಿರೋಧ ಬಂದದ್ದು ಹೆಂಗಸರಿಂದಲೇ. “ಮನೆಯವರು ಏನಂದ್ಕೋತಾರೆ?” ಎಂದರು ಒಬ್ಬರು. “ಚೀಟೀಲಿ ಜಾಗ ಎಲ್ಲಿದೆ?” ಎಂದರು ಇನ್ನೊಬ್ಬರು. ಎರಡು ಸಭೆ ಜಗಳವಾಡಿ, ಕೊನೆಗೆ ಚೀಟಿಯನ್ನೇ ದೊಡ್ಡದು ಮಾಡಿಸಿದೆವು.

ಮೊದಲ ವರ್ಷ ಆ ಕಂಬಳಿಯನ್ನೇ ಇಟ್ಟೆ, ಸ್ಪರ್ಧೆಗಲ್ಲ, ನೋಡಲು ಮಾತ್ರ. ಎರಡು ಕಡೆ ಹುಳು ತಿಂದಿತ್ತು. ಚೀಟಿಯಲ್ಲಿ ನೇಯ್ದವರ ಹೆಸರಿನ ಮೇಲೆ ನೂತವಳ ಹೆಸರು ಬರೆದೆ. ಆಮೇಲೆ ಮೂರು ವರ್ಷದಲ್ಲಿ ಇಬ್ಬರು ಅತ್ತೆಯರು, ಒಬ್ಬ ಕೆಲಸದಾಕೆ, ಕಸೂತಿ ಕಲಿಸಿದ ಒಬ್ಬ ಅಕ್ಕ, ಇವರೆಲ್ಲರ ಹೆಸರು ಚೀಟಿ ಏರಿವೆ. ನಿಮ್ಮೂರಿನಲ್ಲೂ ಇಂಥ ಪ್ರದರ್ಶನ ನಡೆಯುತ್ತಿದ್ದರೆ, ಈ ಸಲ ಚೀಟಿ ಬರೆಯುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ.